ಸರೋವರದ ಹೆಂಗಸಿಗೆ ಕೊಟ್ಟ ಅಳು

ಬಂಗೂರನಗರ, ದಾಂಡೇಲಿ
11 ಆಗಸ್ಟ್ 2024

ಚಿ. ಕುಮಾರಿ ಮಾಯಾಳಿಗೆ ಮಹಾಬಳೇಶ್ವರನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಫೋನು ಕೈಯಲ್ಲಿದ್ದೂ ನನ್ನ ಹಟಕ್ಕೆ ಮಣಿದು ಪತ್ರ ಬರೆಯುವ ಶಿಷ್ಯರಲ್ಲಿ ಈಗ ಉಳಿದವಳು ನೀನೊಬ್ಬಳೇ. ಜೀವಮಾನವನ್ನೆಲ್ಲ ಬಾನುಲಿಯ ಕಾರ್ಯಕ್ರಮಗಳಲ್ಲೇ ಕಳೆದ ಮುದುಕನ ಹಟವೆಂದು ಕ್ಷಮಿಸು.

ಮುಂಡಗೋಡದ ಲಂಬಾಣಿ ತಾಂಡಾದಿಂದ ಬಂದು ನಮ್ಮ ಬಾನುಲಿ ನಿಲಯದ ಯುವಜನರ ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಹುಡುಗಿ ಇಂದು ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ವಿದೇಶಿ ಧಾರಾವಾಹಿಯೊಂದಕ್ಕೆ ಕನ್ನಡದ ಕಂಠ ಕೊಡುತ್ತಿದ್ದಾಳೆ. ನನಗೆ ಇದಕ್ಕಿಂತ ದೊಡ್ಡ ಸುದ್ದಿ ಬೇಕಿಲ್ಲ. ಸಿಕ್ಕಿದ ಪಾತ್ರ ದೆವ್ವದ್ದೆಂದು ನಾಚಿಕೊಂಡು ಬರೆದಿದ್ದೀಯೆ. ನಾಚಬೇಡ. ಮದುವೆಯ ದಿನವೇ ಸರೋವರದಲ್ಲಿ ಮುಳುಗಿ ಸತ್ತು, ಮನೆಮನೆಯ ಕಿಟಕಿಯ ಹೊರಗೆ ನಿಂತು ಅಳುವ ಹೆಂಗಸು ಎಂದರೆ ಸಣ್ಣ ಪಾತ್ರವಲ್ಲ.

ಮೂಲದಲ್ಲಿರುವ ಅಳು ಬೆಕ್ಕಿನ ಕೂಗಿನಂತಿದೆ, ಅನುಕರಿಸಲು ಬರುತ್ತಿಲ್ಲ ಎಂದಿದ್ದೀಯೆ. ಅನುಕರಿಸಲೇಬೇಡ. ಇಲ್ಲಿ ಕಾಗದದ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದವರು ಯಾವುದೋ ಹಿಮದ ನಾಡಿನ ದಾಯಾದಿ ಜಗಳ ನೋಡುತ್ತ ರೊಟ್ಟಿ ತಿನ್ನುತ್ತಾರೆ. ಅವರ ಮಕ್ಕಳು ಆ ನಾಡಿನ ಹಬ್ಬದ ಹೆಸರು ಬಲ್ಲರು, ನಮ್ಮ ನಿಲಯದ ಹೆಸರು ಅರಿಯರು. ಇದನ್ನು ತಡೆಯುವ ಬಲ ನಮಗಿಲ್ಲ. ಆದರೆ ಆ ಕಥೆಗಳು ನಮ್ಮ ಬಾಯಿಂದ ಹೊರಡುವಾಗಲಾದರೂ ನಮ್ಮ ಉಸಿರು ಅವುಗಳಲ್ಲಿ ಇರಲಿ. ತವರು ಬಿಡುವ ಮದುಮಗಳು ಒಬ್ಬೊಬ್ಬರ ಕೊರಳಿಗೂ ಬಿದ್ದು ರಾಗವಾಗಿ ಅಳುವ ಢಾವಲೋ ನಿಮ್ಮಲ್ಲಿದೆಯಲ್ಲ! ನಿನ್ನ ಅಜ್ಜಿ ಗೋಮಿಬಾಯಿಯವರು ತಾಂಡಾದ ಹೆಣ್ಣುಮಕ್ಕಳಿಗೆಲ್ಲ ಅದನ್ನು ಕಲಿಸಿದವರು. ಅವರ ಢಾವಲೋವನ್ನು ಧ್ವನಿಮುದ್ರಿಸಿಕೊಳ್ಳಲು ಬಂದ ದಿನ ನಾನು ಕಣ್ಣೊರೆಸಿಕೊಂಡದ್ದು ಇನ್ನೂ ನೆನಪಿದೆ.

ಸರೋವರದ ಆ ಮದುಮಗಳನ್ನು ಹಾಗೆ ಅಳಿಸು.

ನಿನ್ನ ಹಿತೈಷಿ,
ಮಹಾಬಳೇಶ್ವರ


ಹುಬ್ಬಳ್ಳಿ
2 ಸೆಪ್ಟೆಂಬರ್ 2024

ಪೂಜ್ಯ ಗುರುಗಳಿಗೆ ಮಾಯಾಳ ನಮಸ್ಕಾರಗಳು.

ನೀವು ಹೇಳಿದ ಹಾಗೆಯೇ ಅತ್ತುಬಿಟ್ಟೆ.

ಧ್ವನಿಮುದ್ರಣ ಮಾಡುವ ಮಲ್ಲೇಶಣ್ಣ ಗಾಜಿನ ಆಚೆ ಕಿವಿಯ ಹೆಡ್‌ಫೋನು ತೆಗೆದಿಟ್ಟರು. ಆಮೇಲೆ, "ಏ ತಂಗೀ, ಇದನ್ನ ಎಲ್ಲಿಂದ ತಂದಿ? ಮೈ ಜುಮ್ಮ ಅಂತು ನೋಡ. ಇನ್ನೊಮ್ಮಿ ಮಾಡಂತ ಹೇಳಿದ್ರ ನಾ ಚಹಾ ಕುಡ್ಯಾಕ ಹೋಗಿಬಿಡ್ತೇನಿ" ಎಂದರು. ಎಲ್ಲರೂ ನಕ್ಕರು. ಆ ತುಣುಕನ್ನು ಧಾರಾವಾಹಿಯ ಕಂಪನಿಯವರಿಗೆ ಕಳಿಸಿದ್ದರು. ಅವರಿಗೆ ಎಷ್ಟು ಹಿಡಿಸಿತೆಂದರೆ ಕನ್ನಡಕ್ಕೆ ಮಾತ್ರವಲ್ಲ, ಎಲ್ಲ ಭಾಷೆಗಳಲ್ಲೂ ನನ್ನ ಅಳುವನ್ನೇ ಹಾಕುತ್ತಾರಂತೆ. ಹಿಮದ ನಾಡಿನ ಹೆಂಗಸು ತನ್ನ ಊರಿನಲ್ಲಿಯೂ ನಮ್ಮ ತಾಂಡಾದ ರಾಗದಲ್ಲಿ ಅಳುತ್ತಾಳೆ. ನಿಮಗೆ ಸಂತೋಷವಾಗುತ್ತದೆಂದು ಮೊದಲು ನಿಮಗೇ ಬರೆಯುತ್ತಿದ್ದೇನೆ.

ಒಂದು ಮಾತು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಢಾವಲೋವನ್ನು ನಾವು ಪಿಸುದನಿಯಲ್ಲಿ ಕಲಿಯುತ್ತೇವೆ. ತವರು ಬಿಡುವ ದಿನ ಬರುವ ಮೊದಲು ಬಾಯ್ತೆರೆದು ಅಳಬಾರದೆಂದು ನನ್ನ ಅಜ್ಜಿ, ನಮ್ಮ ಮಾತಿನಲ್ಲಿ ದಾದಿ, ಹೇಳುತ್ತಿದ್ದಳು. ನಾನು ಅಷ್ಟು ದೊಡ್ಡದಾಗಿ ಅತ್ತದ್ದು ಅದೇ ಮೊದಲು. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಹಳಿಯಾಳದ ಕಡೆಯ ತಾಂಡಾದ ಅಜಯ ಎಂಬವರೊಂದಿಗೆ ನನ್ನ ಮದುವೆ ಗೊತ್ತಾಗಿದೆ. ಬರುವ ಮೇ ತಿಂಗಳಲ್ಲಿ. ನೀವು ಬರಲೇಬೇಕು.

ನಿಮ್ಮ
ಮಾಯಾ


ತಾಂಡಾ, ಮುಂಡಗೋಡ
19 ನವೆಂಬರ್ 2024

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಹುಬ್ಬಳ್ಳಿಯ ಕೆಲಸ ಮುಗಿಸಿ ಊರಿಗೆ ಬಂದಿದ್ದೇನೆ. ಧಾರಾವಾಹಿ ಬಿಡುಗಡೆಯಾಯಿತು. ತಾಂಡಾದ ಹುಡುಗರ ಫೋನುಗಳಲ್ಲೆಲ್ಲ ಅದೇ ಇದೆ. ಆ ಅಳುವನ್ನು ಕತ್ತರಿಸಿ ಇಟ್ಟುಕೊಂಡು ಒಬ್ಬರ ಬೆನ್ನ ಹಿಂದೆ ಒಬ್ಬರು ಹಚ್ಚಿ ಬೆದರಿಸುತ್ತಾರೆ. ಕಂತು ಮುಗಿದು ಹೆಸರುಗಳು ಬರುವ ಹೊತ್ತಿಗೆ ಮುಂದಿನ ಕಂತು ತಾನಾಗಿಯೇ ಶುರುವಾಗುತ್ತದೆ. ನನ್ನ ಹೆಸರನ್ನು ಇಲ್ಲಿ ಯಾರೂ ಓದಿಲ್ಲ.

ಕಳೆದ ವಾರ ದಾದಿಯ ಹಳೆಯ ಗೆಳತಿ ಬಂದಿದ್ದರು. ಬಹಳ ದಿನಕ್ಕೆ ಕಂಡವರು ಕೊರಳು ತಬ್ಬಿ ರಾಗ ತೆಗೆದು ಅಳುವುದು ನಮ್ಮ ರೂಢಿ. ಇಬ್ಬರೂ ಅಂಗಳದಲ್ಲಿ ಅಳತೊಡಗಿದರು. ಪಕ್ಕದ ಮನೆಯ ಲಾಲು ಕಾಕಾನ ಚಿಕ್ಕ ಮಗಳು ಅಲ್ಲೇ ಆಡುತ್ತಿತ್ತು. ಚೀರಿಕೊಂಡು ಓಡಿತು. ಮರುದಿನ ಅದಕ್ಕೆ ಜ್ವರ ಬಂತು.

ಲಾಲು ಕಾಕಾ ನಮ್ಮ ಬಾಗಿಲಿಗೆ ಬಂದು ಅಪ್ಪನೊಡನೆ ಆಡಿದ್ದನ್ನು ಕನ್ನಡಕ್ಕೆ ತಂದು ಬರೆಯುತ್ತೇನೆ.

"ತುಳಸಿರಾಮಣ್ಣಾ, ನಿಮ್ಮವ್ವಗ ಬಾಯಿ ಮುಚ್ಚಕೊಂಡಿರಾಕ ಹೇಳು. ಆ ಕೆರಿ ಹೆಂಗಸಿನ ದನಿ ಈಕೀ ದನಿ ಒಂದ ಐತಿ. ನಂದಷ್ಟ ಅಲ್ಲ, ಊರಿನ ಕಿವಿ ಕೆಟ್ಟಾವೇನು?"

"ಫೋನಿನ್ಯಾಗಿನ ಸುಳ್ಳಿಗೆ ನಮ್ಮವ್ವ ಏನ ಮಾಡ್ಯಾಳ?" ಎಂದು ಅಪ್ಪ ಕೇಳಿದ.

"ಅದನ್ನ ನಿಮ್ಮವ್ವನ್ನ ಕೇಳು. ಯಾವ ದೇಶದ ದೆವ್ವಕ್ಕ ನಮ್ಮ ತಾಂಡಾದ ರಾಗ ಯಾರ ಕಲಿಸಿದ್ರು?"

ನಾನು ಬಾಗಿಲ ಹಿಂದೆ ನಿಂತಿದ್ದೆ. ಹೊರಗೆ ಬರಲಿಲ್ಲ.

ಟಿಬೆಟನ್ ಕಾಲೊನಿಯ ಹೊಲಗಳಲ್ಲಿ ಗೋವಿನಜೋಳದ ಕೊಯ್ಲು ನಡೆದಿದೆ. ದಾದಿ ಇಳಿದ ಸಾಲಿಗೆ ಉಳಿದ ಹೆಂಗಸರು ಇಳಿಯುವುದಿಲ್ಲ. ಮಕ್ಕಳು ನಮ್ಮ ಮನೆ ತಪ್ಪಿಸಿ ಸುತ್ತಿ ಶಾಲೆಗೆ ಹೋಗುತ್ತವೆ. ನನಗೆ ಹೆದರಿಕೆಯಾಗುತ್ತಿದೆ. ಢಾವಲೋವನ್ನು ದೆವ್ವದ ಬಾಯಿಗೆ ಹಾಕಿದವಳು ನಾನೆಂದು ತಿಳಿದರೆ ಮದುವೆ ಉಳಿಯುತ್ತದೆಯೇ? ತಿಳಿಯದಿದ್ದರೆ ದಾದಿಯ ಗತಿ ಏನು?

ಮಾಯಾ


ಬಂಗೂರನಗರ
1 ಡಿಸೆಂಬರ್ 2024

ಚಿ. ಕುಮಾರಿ ಮಾಯಾಳಿಗೆ ಆಶೀರ್ವಾದಗಳು.

ಮೊದಲು ಧೈರ್ಯ ತಂದುಕೋ. ಮಗುವಿನ ಜ್ವರ ಈ ವೇಳೆಗೆ ಇಳಿದಿರುತ್ತದೆ. ಹೆದರಿಕೆಯೂ ಇಳಿಯುತ್ತದೆ. ಜನ ಕೆಟ್ಟವರಲ್ಲ, ಅವರಿಗೆ ಸರಿಯಾಗಿ ತಿಳಿಸಿ ಹೇಳುವವರಿಲ್ಲ, ಅಷ್ಟೆ. ತಿಳಿಸಿ ಹೇಳುವುದೇ ನಮ್ಮ ಬಾನುಲಿಯ ಕಸುಬು.

ನಾನೊಂದು ದಾರಿ ಕಂಡುಕೊಂಡಿದ್ದೇನೆ. ನಿಲಯದ ಈಗಿನ ಅಧಿಕಾರಿಣಿ ನಿರ್ಮಲಾ ನನ್ನ ಹಳೆಯ ಸಹೋದ್ಯೋಗಿ. ಢಾವಲೋ ಎಂದರೇನು, ಅದನ್ನು ಯಾರು ಯಾವಾಗ ಅಳುತ್ತಾರೆ ಎಂದು ವಿವರಿಸುವ ಭಾಷಣವೊಂದನ್ನು ಬಿತ್ತರಿಸಲು ಅವರು ಒಪ್ಪಿದ್ದಾರೆ. ಗೋಮಿಬಾಯಿಯವರ ಹಳೆಯ ಧ್ವನಿಮುದ್ರಣವನ್ನೂ ನಡುವೆ ಕೇಳಿಸುತ್ತೇವೆ. ನಿನ್ನ ಹೆಸರು ಎಲ್ಲಿಯೂ ಬರುವುದಿಲ್ಲ, ಭರವಸೆಯಿಡು.

ಆ ವಿದೇಶಿ ಕಂಪನಿಗೂ ನಮಗೂ ಇರುವ ವ್ಯತ್ಯಾಸ ನೋಡು. ಅವರಿಗೆ ಧ್ವನಿ ಸಾಕು, ಧ್ವನಿಯ ಒಡೆಯರು ಬೇಡ. ನಾವು ಯಾರದೇ ಧ್ವನಿ ಕೇಳಿಸುವ ಮುನ್ನ ಅವರ ಹೆಸರು, ಊರು ಹೇಳಿ ಗೌರವಿಸುತ್ತೇವೆ. ಹೆಸರಿಲ್ಲದ ಧ್ವನಿಯನ್ನು ಜನ ದೆವ್ವವೆನ್ನುತ್ತಾರೆ. ಹೆಸರು ಹೇಳಿದೊಡನೆ ಅದು ಮನುಷ್ಯರದಾಗುತ್ತದೆ.

ಎಲ್ಲ ಒಳ್ಳೆಯದಾಗುತ್ತದೆ.

ಮಹಾಬಳೇಶ್ವರ


ಬಂಗೂರನಗರ
29 ಡಿಸೆಂಬರ್ 2024

ಚಿ. ಮಾಯಾ,

ಭಾಷಣ ಪ್ರಸಾರವಾಗಿ ಕೆಲವು ದಿನಗಳಾದವು. ತಾಂಡಾದಲ್ಲಿ ಯಾರು ಯಾರು ಕೇಳಿದರು? ನಿನ್ನಿಂದ ಕಾಗದವೇ ಇಲ್ಲ. ಮದುವೆಯ ಓಡಾಟವಿರಬಹುದೆಂದು ಸಮಾಧಾನ ಹೇಳಿಕೊಂಡಿದ್ದೇನೆ.

ನಿಲಯಕ್ಕೆ ಶ್ರೋತೃಗಳ ಪತ್ರ ಬಂದಿದೆಯೇ ಎಂದು ವಿಚಾರಿಸಿದೆ. ಒಂದು ಬಂದಿದೆ. ಹಳಿಯಾಳದ ಲಗಮಪ್ಪ ಎಂಬ ನಿವೃತ್ತರು ಬರೆದದ್ದು: "ಸಾಹೇಬರ ಧ್ವನಿ ಮೊದಲಿನಂತಿಲ್ಲ. ಬಿಸಿನೀರು ಕುಡಿಯಬೇಕು." ಕುಡಿಯುತ್ತಿದ್ದೇನೆ.

ಎರಡು ಸಾಲಾದರೂ ಬರೆ.

ಮಹಾಬಳೇಶ್ವರ


ತಾಂಡಾ, ಮುಂಡಗೋಡ
9 ಜನವರಿ 2025

ಗುರುಗಳಿಗೆ ನಮಸ್ಕಾರ.

ನಿಮ್ಮ ಭಾಷಣವನ್ನು ತಾಂಡಾದಲ್ಲಿ ಯಾರೂ ಕೇಳಲಿಲ್ಲ. ದಾದಿಯ ಅಳು ಬಂದ ಭಾಗವನ್ನು ಮಾತ್ರ ಯಾರೋ ಕತ್ತರಿಸಿದ್ದಾರೆ. ಈಗ ಬಾನುಲಿಯೂ ಫೋನಿನಲ್ಲಿ ಬರುತ್ತದಲ್ಲ. ಅದರ ಮುಂದೆ ನೀವು ಹೇಳಿದ ಸಾಲು ಹಾಗೆಯೇ ಇದೆ: "ಮುಂಡಗೋಡ ತಾಲೂಕಿನ ತಾಂಡಾದ ಗೋಮಿಬಾಯಿಯವರ ಕಂಠದಲ್ಲಿ." ಅದಕ್ಕೆ ಸರೋವರದ ಹೆಂಗಸಿನ ಚಿತ್ರ ಅಂಟಿಸಿ, "ದೆವ್ವದ ಅಸಲಿ ಧ್ವನಿ ಸಿಕ್ಕಿತು" ಎಂದು ಬರೆದು ಹಂಚಿದ್ದಾರೆ.

ಮೊದಲು ಇಲ್ಲಿಯವರಿಗೆ ಅನುಮಾನವಿತ್ತು. ಈಗ ಹೊರಗಿನವರಿಗೆ ವಿಳಾಸ ಸಿಕ್ಕಿದೆ.

ಭಾನುವಾರ ಬಂದರೆ ಬೈಕುಗಳ ಸದ್ದು. ಯಾವ ಯಾವ ಊರಿನ ಹುಡುಗರೋ ಫೋನು ಹಿಡಿದುಕೊಂಡು, "ಗೋಮಿಬಾಯಿ ಮನಿ ಯಾವುದ್ರಿ?" ಎಂದು ಕೇಳುತ್ತ ಬರುತ್ತಾರೆ. ಒಬ್ಬ ಕಿಟಕಿಯೊಳಗೆ ಫೋನು ತೂರಿಸಿ, "ಅಜ್ಜೀ, ಒಂದ ಸಲ ಅಳಬೇ, ನಿನ್ನ ಕಾಲ ಬೀಳ್ತೇನಿ" ಎಂದ. ದಾದಿ ಗೋಡೆಗೆ ಮುಖ ಹಚ್ಚಿ ಕುಳಿತಿದ್ದಳು. ಇನ್ನೊಬ್ಬ ಅವಳು ಬಾಯಿ ತೆರೆಯಲೆಂದು ಕಲ್ಲು ಎಸೆದ. ಭುಜಕ್ಕೆ ಬಿತ್ತು. ಅವಳು ಚೀರಲಿಲ್ಲ, ಸರ್. ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಈಗ ಹಗಲೆಲ್ಲ ಗೋವಿನಜೋಳ ತುಂಬುವ ಶೆಡ್ಡಿನಲ್ಲಿ ಅವಳನ್ನು ಕೂಡಿಸಿ ಹೊರಗಿನಿಂದ ಚಿಲಕ ಹಾಕುತ್ತೇವೆ. ಲಾಲು ಕಾಕಾ ತಾಂಡಾದ ಯಜಮಾನರಾದ ನಾಯಕರ ಮುಂದೆ ಮಾತೆತ್ತಿದ್ದಾನೆ. ಮದುವೆ ಮುಗಿದ ಮೇಲೆ ಅವಳನ್ನು ಜೋಯಿಡಾದಾಚೆ, ಉಳವಿಯ ಹತ್ತಿರ ದೂರದ ಸಂಬಂಧಿಕರಿದ್ದಾರೆ, ಅಲ್ಲಿಗೆ ಕಳಿಸಿಬಿಡಬೇಕಂತೆ. ಈ ವಯಸ್ಸಿನಲ್ಲಿ ತಾಂಡಾ ಬಿಟ್ಟರೆ ಅವಳು ಉಳಿಯುವುದಿಲ್ಲ.

ನಾನು ಚಿಲಕ ತೆಗೆದು ಒಳಗೆ ಹೋಗಿ ಅವಳ ಕಾಲು ಹಿಡಿದು ಎಲ್ಲ ಹೇಳಿದೆ. ಅವಳು ಜೋಳದ ತೆನೆ ಸುಲಿಯುತ್ತಲೇ ಇದ್ದಳು.

"ಮೊದಲನೇ ದಿನ ಕೇಳಿದಾಗ ಗೊತ್ತಾತು. ನಾ ಕಲಿಸಿದ್ದು ನನಗ ಗೊತ್ತಾಗೂದಿಲ್ಲೇನು?" ಎಂದಳು. "ಮತ್ತ ಯಾಕ ಸುಮ್ನ ಅದಿ ದಾದೀ?" ಎಂದೆ. "ಮದುವಿ ಆಗೂತನಾ ನಾನ ದೆವ್ವ ಆಗಿರ್ತೇನಿ. ನೀ ಬಾಯಿ ಬಿಡಬ್ಯಾಡ. ದೆವ್ವದ ಮಾರಿ ನನಗ ಒಪ್ಪತೈತಿ, ಹಲ್ಲೂ ಇಲ್ಲ" ಎಂದು ನಕ್ಕಳು.

ನೀವು ಬರಬೇಡಿ. ಬಾನುಲಿಯವರೆಂದು ಯಾರಾದರೂ ಗುರುತಿಸಿಯಾರು.

ಮಾಯಾ


ಬಂಗೂರನಗರ
16 ಜನವರಿ 2025

ಮಾಯಾ,

ನಿನ್ನ ಪತ್ರ ಓದಿ ನಿಲಯಕ್ಕೆ ಓಡಿದೆ. ನಿರ್ಮಲಾ ಆ ಭಾಷಣವನ್ನು ಅದೇ ದಿನ ತೆಗೆಸಿದರು. ವಿದೇಶಿ ಕಂಪನಿಗೆ ಬರೆದೆ. ಯಂತ್ರವೊಂದು ಧನ್ಯವಾದ ಹೇಳಿತು. ಇನ್ನು ಆ ಹುಡುಗರ ಫೋನಿನಲ್ಲಿ ಇರುವುದನ್ನು ತೆಗೆಯಿರೆಂದು ಯಾರಿಗೆ ಬರೆಯಲಿ? ಪೊಲೀಸ್ ಠಾಣೆಗೂ ಹೋಗಿದ್ದೆ. ಭಾನುವಾರಗಳಲ್ಲಿ ತಾಂಡಾದ ದಾರಿಗೆ ಒಬ್ಬ ಪೇದೆಯನ್ನು ಕಳಿಸಲು ಒಪ್ಪಿದ್ದಾರೆ.

ಗೌರವವೆಂದು ನಾನು ಹೇಳಿದ ಹೆಸರು, ಊರು ಅವರ ಭುಜಕ್ಕೆ ಕಲ್ಲಾಗಿ ಬಿತ್ತು. ನಿನಗೆ ಹಾಗೆ ಅಳೆಂದು ಹೇಳಿದವನೂ ನಾನೇ.

ಇಷ್ಟು ದಿನ ಆ ಧಾರಾವಾಹಿಯನ್ನು ನಾನು ನೋಡಿರಲಿಲ್ಲ. ನಿನ್ನೆ ಪಕ್ಕದ ಮನೆಯವರ ಫೋನು ಕೇಳಿ ತಂದು, ಹಾಡುಹಗಲಿನಲ್ಲಿ ಕುರ್ಚಿಯ ಮೇಲೆ ಕುಳಿತು ನೋಡಿದೆ. ಕಿಟಕಿಯ ಹೊರಗೆ ಅವಳು ಬಂದು ನಿಂತು ಅಳತೊಡಗಿದಾಗ ಫೋನನ್ನು ಬೋರಲು ಹಾಕಿಬಿಟ್ಟೆ. ಎದ್ದು ನಮ್ಮ ಮನೆಯ ಕಿಟಕಿ ಮುಚ್ಚಿದೆ. ನಿನ್ನ ಕಂಠವನ್ನು ತಿದ್ದಿದವನು ನಾನು, ಆ ರಾಗಕ್ಕೆ ಒಮ್ಮೆ ಕಣ್ಣೀರು ಹಾಕಿದವನು. ನನಗೇ ಹೆದರಿಕೆಯಾಯಿತೆಂದ ಮೇಲೆ ಆ ಮಗುವನ್ನು ಏನೆಂದು ದೂರಲಿ?

ಈ ಸಲ ಏನು ಮಾಡಬೇಕೆಂದು ಹೇಳುವುದಿಲ್ಲ. ನೀನು ಕರೆದರೆ ಬರುತ್ತೇನೆ.

ಮಹಾಬಳೇಶ್ವರ


ತಾಂಡಾ, ಮುಂಡಗೋಡ
20 ಏಪ್ರಿಲ್ 2025

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಕರೆಯುತ್ತಿದ್ದೇನೆ. ಮೇ ಹನ್ನೊಂದಕ್ಕೆ ಮದುವೆ. ರೆಕಾರ್ಡರ್ ತರಬೇಡಿ.

ಪೇದೆ ಬರತೊಡಗಿದ ಮೇಲೆ ಬೈಕುಗಳು ಕಡಿಮೆಯಾಗಿವೆ. ತಾಂಡಾದೊಳಗಿನ ಹೆದರಿಕೆ ಮಾತ್ರ ಕಡಿಮೆಯಾಗಿಲ್ಲ. ದಾದಿ ಈಗ ಮಾತನ್ನೇ ಬಿಟ್ಟಿದ್ದಾಳೆ. ನೀರು ಬೇಕಾದರೂ ಕೈಸನ್ನೆ ಮಾಡುತ್ತಾಳೆ. ತನ್ನ ಧ್ವನಿ ಹೊರಗೆ ಹೋದರೆ ಮತ್ತಾವ ಮಗುವಿಗೆ ಜ್ವರ ಬರುತ್ತದೋ ಎಂದು ಅವಳಿಗೇ ದಿಗಿಲು. ಮದುವೆಯ ದಿನ ಆ ರಾಗ ಕೇಳಿಸಿದರೆ ತನ್ನ ಕಡೆಯವರನ್ನೆಲ್ಲ ಎಬ್ಬಿಸಿಕೊಂಡು ಹೋಗುತ್ತೇನೆಂದು ಲಾಲು ಕಾಕಾ ಹೇಳಿದ್ದಾನೆ. ಸುಮ್ಮನೆ ಜೀಪು ಹತ್ತಿ ಹೋಗೆಂದು ದಾದಿಯೂ ಸನ್ನೆ ಮಾಡಿದಳು.

ಅಜಯರಿಗೆ ಎಲ್ಲ ಹೇಳಿಬಿಟ್ಟೆ. ಅವರು, "ಆ ಸಿರಿಯಲ್ ನೋಡಿ ನಾ ಹೊರಗಿನ ದೀಪ ಹಚ್ಚಿಕೊಂಡ ಮಲಗಾಕತ್ತೇನಿ. ಅದು ನೀನ ಅಂದ್ರ ಇನ್ನ ಮ್ಯಾಲೆ ಜಗಳಾ ತಗೀಬಾರದಾತು ನೋಡು" ಎಂದರು. ನಕ್ಕರು. ಆದರೆ ತಮ್ಮ ತಾಯಿಗೆ ಈಗಲೇ ಹೇಳಬೇಡವೆಂದರು.

ಸುಮ್ಮನೆ ಹೋದರೆ ದಾದಿ ದೆವ್ವವಾಗಿಯೇ ಉಳವಿಯ ಕಾಡಿಗೆ ಹೋಗುತ್ತಾಳೆ. ನಾನು ಅಳುತ್ತೇನೆ, ಸರ್. ನನ್ನದೆಂದು ಎಲ್ಲರೆದುರು ಹೇಳಿಯೇ ಅಳುತ್ತೇನೆ. ಢಾವಲೋವನ್ನು ಒಬ್ಬಳೇ ಅಳಲಾಗುವುದಿಲ್ಲ. ನಾವು ಯಾರ ಕೊರಳಿಗೆ ಬೀಳುತ್ತೇವೋ ಅವರು ತಿರುಗಿ ಅಳಬೇಕು. ಯಾರೂ ಕೊರಳು ಕೊಡದೆ ಹಿಂದೆ ಸರಿದರೆ ನಾನೇನು ಮಾಡಲಿ? ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಚಪ್ಪರದ ನಡುವೆ ನಾನು ಕೈ ಚಾಚಿಕೊಂಡು ನಿಂತಿದ್ದೇನೆ, ಜನ ಹಿಂದೆ ಹಿಂದೆ ಸರಿಯುತ್ತಿದ್ದಾರೆ.

ಮಾಯಾ


ಬಂಗೂರನಗರ
14 ಮೇ 2025

ಚಿ. ಸೌ. ಮಾಯಾಳಿಗೆ ಆಶೀರ್ವಾದಗಳು.

ಹೊಸ ಮನೆಯ ವಿಳಾಸಕ್ಕೆ ಇದು ಮೊದಲ ಪತ್ರ. ಅಂಥ ಹೊತ್ತಿನಲ್ಲಿ ನಡೆದದ್ದು ನಡೆಸಿದವರ ನೆನಪಿನಲ್ಲಿ ನಿಲ್ಲುವುದಿಲ್ಲ. ಜೀಪು ಹೊರಟ ಮೇಲಿನದಂತೂ ನೀನು ಕಂಡೇ ಇಲ್ಲ. ಆದ್ದರಿಂದ ಬರೆದು ಕಳಿಸುತ್ತಿದ್ದೇನೆ.

ನೀನು ತಾಯಿಯ ಕೊರಳಿಗೆ ಬಿದ್ದು ಮೊದಲ ಎಳೆ ಎತ್ತಿದೊಡನೆ ಲಾಲುವಿನ ಮಗಳು ಚೀರಿ ತನ್ನ ತಾಯಿ ಗೋದುಬಾಯಿಯ ಲಂಗದಲ್ಲಿ ಮುಖ ಹುದುಗಿಸಿತು. ಮಕ್ಕಳೆಲ್ಲ ಜೀಪಿನ ಹಿಂದೆ ಅಡಗಿದರು. ನಿನ್ನ ತಾಯಿ ಬೆದರಿ ಕೈ ಸಡಿಲಿಸಿದರು. ಯಾರೋ ಫೋನು ಎತ್ತಿದ್ದಕ್ಕೆ ಅಜಯ, "ಇಳಸು ಕೆಳಗ" ಎಂದು ಗದರಿದ. ನೀನು ಅಳು ನಿಲ್ಲಿಸಿ, "ಸಿರಿಯಲ್‌ದಾಗ ಅತ್ತಾಕಿ ನಾನು. ದಾದಿ ಅಲ್ಲ" ಎಂದೆ. ಲಾಲು ಎದ್ದು ನಿಂತು, "ಕೇಳಿದ್ರೇನು? ಮುದುಕಿ ಕಲಿಸಿದ್ಲು, ಮಮ್ಮಗಳು ಮಾರಿದ್ಲು. ಏಳ್ರಿ, ಹೋಗೂಣು" ಎಂದ. ಕೆಲವರು ಎದ್ದರು. ಜನ ಹಿಂದೆ ಸರಿದರು. ನಿನ್ನ ಕೈಗಳು ನೀನು ಬರೆದಿದ್ದಂತೆಯೇ ಚಾಚಿಕೊಂಡಿದ್ದವು. ಎದ್ದು ಬಂದು ನಿನ್ನ ಪಕ್ಕ ನಿಲ್ಲಬೇಕೆಂದುಕೊಂಡೆ. ನಾನು ಏಳಲಿಲ್ಲ.

ಎದ್ದದ್ದು ಗೋದುಬಾಯಿ. ಲಂಗಕ್ಕೆ ಮಗು ಜೋತುಬಿದ್ದಿತ್ತು, ಅದನ್ನು ಎಳೆದುಕೊಂಡೇ ಬಂದಳು. ಗಂಡನ ಮುಂದೆ ನಿಂತು, "ನನ್ನ ಮದುವ್ಯಾಗ ಇದನ್ನ ಅತ್ತೇನಿ. ಇದ ರಾಗ. ನೀ ಜೀಪಿನ್ಯಾಗ ಹಲ್ಲ ಕಿಸಗೊಂಡ ಕುಂತಿದ್ದಿ. ಹಂಗಾದ್ರ ನಾನೂ ದೆವ್ವನ? ಇಷ್ಟ ವರ್ಷ ದೆವ್ವದ ಕೈಯಾಗಿನ ರೊಟ್ಟಿ ತಿಂದೀ ಏನು?" ಎಂದಳು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಲಾಲು ಏನೋ ಹೇಳಲು ಹೋದ. ಅಷ್ಟರಲ್ಲಿ ಅವಳು ನಿನ್ನ ಕೊರಳಿಗೆ ಕೈ ಹಾಕಿ ತಿರುಗಿ ಅಳತೊಡಗಿದ್ದಳು. ಆಮೇಲೆ ಒಬ್ಬೊಬ್ಬರಾಗಿ ಹೆಂಗಸರು ಬಂದು ಕೊರಳು ಕೊಟ್ಟದ್ದು ನಿನಗೆ ಗೊತ್ತಿದೆ. ಕೊನೆಗೆ ನೀನು ಶೆಡ್ಡಿನೊಳಗೆ ಹೋದೆ. ಅಜ್ಜಿ ಮೊಮ್ಮಗಳ ನಡುವೆ ಅಲ್ಲಿ ನಡೆದದ್ದು ನಮಗೆ ಕೇಳಿಸಲಿಲ್ಲ. ಕೇಳಲು ಪ್ರಯತ್ನಿಸಲೂ ಇಲ್ಲ.

ಜೀಪು ಹೋದ ಮೇಲೆ ಎಲ್ಲವೂ ಸರಿಹೋಯಿತೆಂದು ಬರೆಯುವ ಆಸೆ ನನಗಿದೆ. ಆದರೆ ಲಾಲು ಊಟ ಮಾಡದೆ ಹೊರಟುಹೋದ. ನಾಯಕರನ್ನು ನಾನೇ ಕೇಳಿದೆ: ಗೋಮಿಬಾಯಿಯವರನ್ನು ಕಳಿಸುವ ಮಾತು ಏನಾಯಿತು? ಅವರು ಎಲೆಯಡಿಕೆ ಜಗಿಯುತ್ತ ಹೆಂಗಸರ ಕಡೆ ನೋಡಿದರು. ಪಾತ್ರೆ ಬಳಿಯುತ್ತಿದ್ದ ಗೋದುಬಾಯಿ ತಲೆಯೆತ್ತದೆಯೇ, "ಎಲ್ಲಿಗಿ ಕಳಸ್ತೀರಿ? ನನ್ನ ಮಗಳಿಗೆ ಕಲಿಸಾಕಿ ಯಾರು ಮತ್ತ, ನೀವೇನು?" ಎಂದಳು. ನಾಯಕರು ಇನ್ನೊಂದು ಎಲೆಗೆ ಸುಣ್ಣ ಹಚ್ಚತೊಡಗಿದರು. ಶೆಡ್ಡಿನ ಚಿಲಕವನ್ನು ನಿನ್ನ ತಂದೆ ತುಳಸಿರಾಮ ಕಿತ್ತು ಜೇಬಿಗೆ ಹಾಕಿಕೊಂಡರು. ಆದರೂ ಗೋಮಿಬಾಯಿ ಹೊರಗೆ ಬರಲಿಲ್ಲ.

ನಾನು ಹೊರಡಲು ಚಪ್ಪಲಿ ಮೆಟ್ಟುತ್ತಿದ್ದೆ. ಗೋದುಬಾಯಿ ಒಂದು ತಟ್ಟೆಯಲ್ಲಿ ಗೋಧಿಯ ಸಿಹಿ ಬಡಿಸಿ ಮಗಳ ಕೈಗೆ ಕೊಟ್ಟು, "ದಾದೀಗೆ ಕೊಟ್ಟ ಬಾ" ಎಂದಳು. ಹುಡುಗಿ ತಾಯಿಯ ಮುಖ ನೋಡಿತು, ಶೆಡ್ಡು ನೋಡಿತು. ನಿಧಾನವಾಗಿ ಹೋಗಿ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಅಂಗಳದ ನಡುವಿನವರೆಗೆ ಓಡಿಬಂದು ನಿಂತಿತು. ಒಳಗಿನಿಂದ ಬಳೆ ತುಂಬಿದ ಕೈಯೊಂದು ಮಾತ್ರ ಬಂದು ತಟ್ಟೆಯನ್ನು ಒಳಗೆಳೆದುಕೊಂಡಿತು.

ಹುಡುಗಿ ಅಲ್ಲಿಂದಲೇ ಕೂಗಿತು: "ದಾದೀ, ಬೆಲ್ಲ ಸಾಕನ?"

ಉತ್ತರ ಬರಲು ತಡವಾಯಿತು. ನಾನು ಒಂದು ಚಪ್ಪಲಿಯಲ್ಲಿ ನಿಂತೇ ಇದ್ದೆ. ಆಮೇಲೆ, ಎಷ್ಟೋ ತಿಂಗಳು ಬಳಸದೆ ತುಕ್ಕು ಹಿಡಿದ ಧ್ವನಿಯಲ್ಲಿ ಒಳಗಿನಿಂದ ಮಾತು ಬಂತು.

"ಸಾಕವ್ವಾ. ಚಲೋ ಆಗೇತಿ."

ಹುಡುಗಿ ಓಡಲಿಲ್ಲ. ಇನ್ನೇನು ಕೇಳಬಹುದೆಂದು ಯೋಚಿಸುತ್ತ ಅಲ್ಲಿಯೇ ನಿಂತಿತ್ತು.

ನಿನ್ನ ಹಿತೈಷಿ,
ಮಹಾಬಳೇಶ್ವರ